ಆರನೇ ಕ್ಲಸ್ಟರ್‌ನ ಕಂಟ್ರೋಲ್ ಪ್ಲೇನ್ ಮತ್ತೆ ಮಂಡ್ಯಕ್ಕೆ ಹೋದದ್ದು ಯಾಕೆ

ಆರು ಗ್ರಾಹಕರು, ಆರು ಕುಬರ್ನೆಟಿಸ್ ಕ್ಲಸ್ಟರ್‌ಗಳು. ಎಲ್ಲದರ ಕಂಟ್ರೋಲ್ ಪ್ಲೇನನ್ನೂ ಮೈಸೂರಿನ ನಮ್ಮ ಸರ್ವರ್ ಕೋಣೆಗೆ ತಂದು ಒಂದೇ ಕಡೆಯಿಂದ ನಡೆಸಲು ಶುರು ಮಾಡಿದೆವು. ಐದು ಇವತ್ತಿಗೂ ಹಾಗೇ ನಡೆಯುತ್ತಿವೆ, ಚೆನ್ನಾಗಿಯೇ ನಡೆಯುತ್ತಿವೆ. ಆರನೆಯದನ್ನು ಮಾತ್ರ ನಾಲ್ಕು ತಿಂಗಳಲ್ಲಿ ವಾಪಸ್ ಮಂಡ್ಯದ ಕಡೆ ಒಯ್ಯಬೇಕಾಯಿತು. ಒಂದು ರಾತ್ರಿ ಕರೆಂಟೂ ಇಂಟರ್ನೆಟ್ಟೂ ಒಟ್ಟಿಗೆ ಹೋದವು, ಬೆಳಿಗ್ಗೆ ಕಬ್ಬು ತುಂಬಿದ ಟ್ರಾಕ್ಟರ್‌ಗಳು ರಸ್ತೆಯವರೆಗೆ ಸಾಲು ನಿಂತವು. ಅಲ್ಲಿ ಏನಾಯಿತು, ನಾವು ಯಾವುದನ್ನು ನೋಡದೆ ಬಿಟ್ಟಿದ್ದೆವು ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿ ಹೊರಟವರಿಗೆ ಉಪಯೋಗವಾಗಲಿ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಹಲವು ಯಂತ್ರಗಳನ್ನು ಒಂದು ಗುಂಪಾಗಿ ಸೇರಿಸಿ ಅವುಗಳ ಮೇಲೆ ಸಾಫ್ಟ್‌ವೇರ್ ಓಡಿಸುವ ವ್ಯವಸ್ಥೆ ಕುಬರ್ನೆಟಿಸ್, ಆ ಗುಂಪೇ ಕ್ಲಸ್ಟರ್. ಕ್ಲಸ್ಟರ್ ಅಂದರೆ ಎರಡು ಭಾಗ. ಕೆಲಸ ಮಾಡುವ ಯಂತ್ರಗಳು ಒಂದು ಕಡೆ, ಅವನ್ನು ನಡೆಸುವ ತಲೆ ಇನ್ನೊಂದು ಕಡೆ. ಆ ತಲೆಯೇ ಕಂಟ್ರೋಲ್ ಪ್ಲೇನ್. ಅದರಲ್ಲಿ ಎಪಿಐ ಸರ್ವರ್ ಇರುತ್ತದೆ, ಎಲ್ಲ ಮಾತುಕತೆ ಅದರ ಮೂಲಕವೇ. ಎಟ್‌ಸಿಡಿ ಅನ್ನುವ ಡೇಟಾಬೇಸ್ ಇರುತ್ತದೆ, ಕ್ಲಸ್ಟರ್‌ನ ನೆನಪೆಲ್ಲ ಅದರಲ್ಲಿ. ಯಾವ ಪಾಡ್ (ಓಡಿಸಬೇಕಾದ ಸಾಫ್ಟ್‌ವೇರ್‌ನ ಒಂದು ಕಟ್ಟು) ಯಾವ ಯಂತ್ರಕ್ಕೆ ಹೋಗಬೇಕು ಅಂತ ನೋಡುವ ಶೆಡ್ಯೂಲರ್, ಹೇಳಿದ್ದು ಆಗಿದೆಯೋ ಇಲ್ಲವೋ ಅಂತ ಸದಾ ನೋಡುತ್ತಿರುವ ಕಂಟ್ರೋಲರ್ ಮ್ಯಾನೇಜರ್ ಇರುತ್ತವೆ. ಕೆಲಸದ ಯಂತ್ರದಲ್ಲಿ ಕ್ಯೂಬ್‌ಲೆಟ್ ಇರುತ್ತದೆ. ಅದು ಎಪಿಐ ಸರ್ವರನ್ನು ಕೇಳಿ, ನನ್ನ ಪಾಲಿನ ಪಾಡ್‌ಗಳು ಯಾವುವು ಅಂತ ತಿಳಿದುಕೊಂಡು ಅವನ್ನು ಓಡಿಸುತ್ತದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಆ ರಾತ್ರಿಯ ತೊಂದರೆಯೆಲ್ಲ ಇಲ್ಲೇ ಇತ್ತು.

ನಮ್ಮದು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಏಳು ಜನರ ಸಣ್ಣ ಸಂಸ್ಥೆ. ನಾಲ್ಕು ಗ್ರಾಹಕರ ಕ್ಲಸ್ಟರ್‌ಗಳು ಪೂರ್ತಿಯಾಗಿ ನಮ್ಮ ಕೋಣೆಯಲ್ಲೇ ಇದ್ದವು. ಒಂದು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ, ಇನ್ನೊಂದು ಮಂಡ್ಯ ಮತ್ತು ಪಾಂಡವಪುರದ ನಡುವೆ ಕಬ್ಬು ಅರೆಯುವ ಒಂದು ಖಾಸಗಿ ಘಟಕದಲ್ಲಿ. ಒಬ್ಬರ ಡೇಟಾ ಇನ್ನೊಬ್ಬರ ಜೊತೆ ಬೆರೆಯಬಾರದು ಅಂತ ಪ್ರತಿಯೊಬ್ಬರಿಗೂ ಬೇರೆ ಕ್ಲಸ್ಟರ್. ಪ್ರತಿ ಕ್ಲಸ್ಟರ್‌ಗೂ ಮೂರು ಕಂಟ್ರೋಲ್ ಪ್ಲೇನ್ ನೋಡ್ (ಕ್ಲಸ್ಟರ್‌ನ ಒಂದೊಂದು ಯಂತ್ರವೂ ಒಂದು ನೋಡ್), ಯಾಕೆಂದರೆ ಎಟ್‌ಸಿಡಿಗೆ ಬಹುಮತ ಬೇಕು: ಮೂರಿದ್ದರೆ ಒಂದು ಸತ್ತರೂ ನಡೆಯುತ್ತದೆ, ಐದಿದ್ದರೆ ಎರಡು. ಅಂದರೆ ಒಟ್ಟು ಹದಿನೆಂಟು ನೋಡ್‌ಗಳು. ನಮ್ಮ ಕೋಣೆಯಲ್ಲೇ ಹನ್ನೆರಡು ವರ್ಚುವಲ್ ಯಂತ್ರಗಳು, ತಲಾ 4 ಜಿಬಿ, ಒಟ್ಟು 48 ಜಿಬಿ ಮೆಮೊರಿ ಬರೀ ತಲೆಗಳಿಗೇ ಹೋಗುತ್ತಿತ್ತು.

ಮೆಮೊರಿ ಹೋದರೆ ಹೋಗಲಿ, ಡಿಸ್ಕ್ ಸಮಸ್ಯೆ ಅದಕ್ಕಿಂತ ಜಾಸ್ತಿ ಕಾಡಿತು. ಎಟ್‌ಸಿಡಿ ಪ್ರತಿ ಬರಹವನ್ನೂ ಡಿಸ್ಕ್‌ಗೆ ನಿಜವಾಗಿ ಬಿತ್ತು ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೋಗುವುದು. ನೂರರಲ್ಲಿ ತೊಂಬತ್ತೊಂಬತ್ತು ಬರಹಗಳಿಗೆ ಈ ಕೆಲಸ 10 ಮಿಲಿಸೆಕೆಂಡ್ ಒಳಗೆ ಮುಗಿಯಬೇಕು ಅನ್ನುವುದು ಅದನ್ನು ಕಟ್ಟಿದವರದ್ದೇ ಸಲಹೆ. ನಮ್ಮಲ್ಲಿ ಹನ್ನೆರಡು ಎಟ್‌ಸಿಡಿಗಳು ತಿರುಗುವ ಡಿಸ್ಕ್‌ಗಳ ಒಂದೇ ಸ್ಟೋರೇಜ್ ಪೆಟ್ಟಿಗೆಗೆ ಬರೆಯುತ್ತಿದ್ದವು. ರಾತ್ರಿ ಒಂದು ಗಂಟೆಗೆ ಬ್ಯಾಕಪ್ ಶುರುವಾದರೆ ಸಾಕು, ಡಿಸ್ಕ್ ನಿಧಾನವಾಗುತ್ತಿತ್ತು. ಎಟ್‌ಸಿಡಿಯ ನಾಯಕ 100 ಮಿಲಿಸೆಕೆಂಡಿಗೊಮ್ಮೆ ನಾನಿದ್ದೇನೆ ಅಂತ ಹೇಳಬೇಕು, 1000 ಮಿಲಿಸೆಕೆಂಡ್ ಸದ್ದಿಲ್ಲದಿದ್ದರೆ ಉಳಿದವು ಹೊಸ ಚುನಾವಣೆ ನಡೆಸುತ್ತವೆ. ಹಾಗೆ ರಾತ್ರಿಯಿಡೀ ಚುನಾವಣೆಗಳು, ಜೊತೆಗೆ ಶೆಡ್ಯೂಲರ್ ಬಿದ್ದು ಎದ್ದ ಸಂದೇಶಗಳು ಫೋನಿಗೆ ಬರುತ್ತಿದ್ದವು. ಬೆಳಿಗ್ಗೆ ನೋಡಿದರೆ ಎಲ್ಲ ಸರಿಯಾಗೇ ಇರುತ್ತಿತ್ತು, ಹಾಗಾಗಿ ತುಂಬಾ ದಿನ ಇದರ ಬುಡಕ್ಕೆ ಹೋಗಿರಲಿಲ್ಲ.

ಇದರ ಮೇಲೆ ಸರ್ಟಿಫಿಕೇಟ್. ಕ್ಲಸ್ಟರ್‌ನ ಭಾಗಗಳು ಒಂದನ್ನೊಂದು ಗುರುತಿಸುವುದು ಇದರಿಂದಲೇ. ಕ್ಲಸ್ಟರ್ ಕಟ್ಟುವ ಸಾಧನವಾದ ಕ್ಯೂಬ್‌ಎಡಿಎಂ ಮಾಡಿಕೊಡುವ ಸರ್ಟಿಫಿಕೇಟ್‌ಗಳ ಆಯಸ್ಸು ಒಂದು ವರ್ಷ. ಅಪ್‌ಗ್ರೇಡ್ ಮಾಡಿದಾಗ ಅವೂ ಹೊಸದಾಗುತ್ತವೆ. ಅಪ್‌ಗ್ರೇಡ್ ಮಾಡದೆ ಒಂದು ವರ್ಷ ಕಳೆದರೆ ಮುಗಿಯಿತು. ಒಬ್ಬ ಗ್ರಾಹಕರ ಕ್ಲಸ್ಟರ್‌ನಲ್ಲಿ ಒಂದು ಭಾನುವಾರ ಹೀಗೇ ಆಯಿತು. ಅವರ ಸಾಫ್ಟ್‌ವೇರ್ ಓಡುತ್ತಲೇ ಇತ್ತು, ಆದರೆ ನಾವು ಒಳಗೆ ಹೋಗಿ ಏನನ್ನೂ ಬದಲಾಯಿಸಲು ಆಗಲಿಲ್ಲ. ಕುಬರ್ನೆಟಿಸ್ ವರ್ಷಕ್ಕೆ ಮೂರು ಆವೃತ್ತಿ ಬಿಡುತ್ತದೆ, ಒಂದೊಂದಕ್ಕೂ ಬೆಂಬಲ ಸುಮಾರು 14 ತಿಂಗಳು. ಹದಿನೆಂಟು ನೋಡ್‌ಗಳನ್ನು ಒಂದೊಂದಾಗಿ ಮೇಲೆತ್ತುವ ಕೆಲಸಕ್ಕೆ ನಮ್ಮಲ್ಲಿ ಇದ್ದದ್ದು ಇಬ್ಬರು. ಹೀಗೆ ಬಹಳ ದಿನ ಎಳೆಯಲು ಆಗುವುದಿಲ್ಲ ಅಂತ ಅವತ್ತೇ ಕೂತು ಮಾತಾಡಿದೆವು.

ಕ್ಲೌಡ್‌ನವರ ಕೈಗೆ ಕೊಟ್ಟುಬಿಡಬಹುದಿತ್ತು, ಅಲ್ವಾ? ಅಮೆಜಾನ್‌ನ ಕುಬರ್ನೆಟಿಸ್ ಸೇವೆಯಾದ ಇಕೆಎಸ್‌ನಲ್ಲಿ ಒಂದು ಕ್ಲಸ್ಟರ್‌ನ ಕಂಟ್ರೋಲ್ ಪ್ಲೇನ್‌ಗೆ ಗಂಟೆಗೆ 10 ಸೆಂಟ್, ತಿಂಗಳಿಗೆ ಸುಮಾರು 72 ಡಾಲರ್. ಆರಕ್ಕೆ 432 ಡಾಲರ್. ಆ ದುಡ್ಡಿಗೆ ಅವರು ಮಾಡುವ ಕೆಲಸ ನೋಡಿದರೆ ದುಬಾರಿ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಗ್ರಾಹಕರಲ್ಲಿ ಇಬ್ಬರು ಯಂತ್ರ ತಮ್ಮ ಆವರಣದಲ್ಲೇ ಇರಬೇಕು ಅಂತ ಮೊದಲ ದಿನವೇ ಹೇಳಿದ್ದರು. ಉಳಿದವರ ಯಂತ್ರಗಳಿಗೂ ನಾವು ಆಗಲೇ ದುಡ್ಡು ಹಾಕಿದ್ದೆವು.

ಹಾಗಾಗಿ ಕ್ಲೌಡ್‌ನವರು ಒಳಗೆ ಮಾಡುವುದನ್ನೇ ನಾವೂ ಮಾಡೋಣ ಅಂದುಕೊಂಡೆವು. ಕಂಟ್ರೋಲ್ ಪ್ಲೇನ್‌ಗೆ ಬೇರೆ ಯಂತ್ರ ಕೊಡುವ ಬದಲು, ಅದನ್ನೇ ಪಾಡ್‌ಗಳಾಗಿ ಇನ್ನೊಂದು ಕ್ಲಸ್ಟರ್‌ನಲ್ಲಿ ಓಡಿಸುವುದು. ಒಂದು ತಾಯಿ ಕ್ಲಸ್ಟರ್, ಅದರೊಳಗೆ ಆರು ತಲೆಗಳು. ಇದು ಹೊಸ ಯೋಚನೆ ಏನಲ್ಲ. ಎಸ್‌ಎಪಿ ಕಂಪನಿಯ ಗಾರ್ಡನರ್ ಇದೇ ರೀತಿ ಕೆಲಸ ಮಾಡುತ್ತದೆ, ರೆಡ್ ಹ್ಯಾಟ್‌ನ ಹೈಪರ್‌ಶಿಫ್ಟ್ ಇದೆ, ಮಿರಾಂಟಿಸ್‌ನ ಕೆ0ಸ್ಮೋಟ್ರಾನ್ ಇದೆ, ಕಮಾಜಿ ಇದೆ. ಗಾರ್ಡನರ್ ನಮ್ಮ ಏಳು ಜನಕ್ಕೆ ದೊಡ್ಡ ಹೊರೆ ಅನ್ನಿಸಿತು. ಹೈಪರ್‌ಶಿಫ್ಟ್ ರೆಡ್ ಹ್ಯಾಟ್‌ನದೇ ಕುಬರ್ನೆಟಿಸ್ ಆದ ಓಪನ್‌ಶಿಫ್ಟ್ ಜೊತೆಗೇ ಬರುವುದು. ಕಮಾಜಿ ಹಿಡಿಸಿತು, ಯಾಕೆಂದರೆ ಕೆಲಸದ ಯಂತ್ರಗಳು ಅದೇ ಹಳೆಯ ಕ್ಯೂಬ್‌ಎಡಿಎಂ ಆಜ್ಞೆಯಿಂದಲೇ ಸೇರಿಕೊಳ್ಳುತ್ತವೆ, ಸರ್ಟಿಫಿಕೇಟ್‌ಗಳನ್ನು ಅದೇ ಹೊಸದು ಮಾಡುತ್ತದೆ. ಆ ಭಾನುವಾರ ನೋಡಿದ ಮೇಲೆ ಇದೊಂದೇ ಸಾಕಾಗಿತ್ತು ನನಗೆ.

ಕಟ್ಟುವಾಗ ಮೂರು ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು.

ಮೊದಲನೆಯದು ಎಟ್‌ಸಿಡಿ. ಕಮಾಜಿಯಲ್ಲಿ ಹಲವು ಗ್ರಾಹಕರು ಒಂದೇ ಎಟ್‌ಸಿಡಿಯನ್ನು ಹಂಚಿಕೊಳ್ಳಬಹುದು, ಪ್ರತಿಯೊಬ್ಬರಿಗೂ ಒಳಗೆ ಬೇರೆ ಜಾಗ, ಬೇರೆ ಬಳಕೆದಾರ. ಹಂಚಿಕೊಂಡರೆ ಯಂತ್ರ ಉಳಿಯುತ್ತದೆ. ಆದರೆ ಎಟ್‌ಸಿಡಿಯ ಗಾತ್ರಕ್ಕೆ ಮಿತಿ ಇದೆ, ತಾನಾಗಿ ಇರುವುದು 2 ಜಿಬಿ, ಏರಿಸಿದರೂ 8 ಜಿಬಿ ದಾಟಬೇಡಿ ಅನ್ನುತ್ತಾರೆ. ಮಿತಿ ಮುಟ್ಟಿದರೆ ಅದು ಹೊಸ ಬರಹ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಒಬ್ಬ ಗ್ರಾಹಕರ ಕ್ಲಸ್ಟರ್‌ನಲ್ಲಿ ಯಾವುದೋ ಸ್ಕ್ರಿಪ್ಟ್ ಸಾವಿರಾರು ಜಾಬ್‌ಗಳನ್ನು ಮಾಡುತ್ತಾ ಹೋದರೆ ಉಳಿದ ಐವರ ಕ್ಲಸ್ಟರ್ ಕೂಡ ನಿಲ್ಲುತ್ತದೆ. ಪರೀಕ್ಷೆಗೆ ಅಂತ ಬೇಕೆಂದೇ ತುಂಬಿಸಿ ನೋಡಿದೆವು, ಹಾಗೇ ಆಯಿತು. ಆಮೇಲೆ ಎರಡು ಎಟ್‌ಸಿಡಿ ಗುಂಪು ಮಾಡಿ, ಜಾಸ್ತಿ ಬದಲಾವಣೆ ಆಗುವ ಇಬ್ಬರನ್ನು ಬೇರೆ ಇಟ್ಟೆವು. ಎರಡನ್ನೂ ವೇಗದ ಎನ್‌ವಿಎಂಇ ಡಿಸ್ಕ್‌ಗಳ ಮೇಲೆ, ಹಂಚಿದ ಸ್ಟೋರೇಜ್ ಪೆಟ್ಟಿಗೆಯಿಂದ ದೂರ ಇಟ್ಟೆವು. ರಾತ್ರಿ ಚುನಾವಣೆಗಳು ಅಲ್ಲಿಗೆ ನಿಂತವು.

ಎರಡನೆಯದು ವಿಳಾಸ. ಎಪಿಐ ಸರ್ವರ್‌ನ ಸರ್ಟಿಫಿಕೇಟ್‌ನಲ್ಲಿ ಅದರ ವಿಳಾಸ ಬರೆದಿರುತ್ತದೆ, ಕೆಲಸದ ಯಂತ್ರಗಳ ಸೆಟ್ಟಿಂಗ್‌ನಲ್ಲೂ ಅದೇ ವಿಳಾಸ ಕೂತಿರುತ್ತದೆ. ಅಲ್ಲಿ ಐಪಿ ಸಂಖ್ಯೆ ಹಾಕಿಬಿಟ್ಟರೆ ನಾಳೆ ಅದು ಬದಲಾದಾಗ ಎಲ್ಲ ಯಂತ್ರಗಳನ್ನೂ ಮುಟ್ಟಬೇಕು. ಮೊದಲ ದಿನವೇ ಪ್ರತಿ ಕ್ಲಸ್ಟರ್‌ಗೂ ಒಂದು ಹೆಸರು ಕೊಡಿ, ಐಪಿ ಹಾಕಬೇಡಿ. ನಾವು ಹಾಗೆ ಮಾಡಿದ್ದರಿಂದಲೇ ಆಮೇಲೆ ಬಚಾವಾದೆವು.

ಮೂರನೆಯದು ಹೊರಗಿನ ಯಂತ್ರಗಳು. ಎಪಿಐ ಸರ್ವರ್ ಮೈಸೂರಲ್ಲಿ, ಕೆಲಸದ ಯಂತ್ರ ಗ್ರಾಹಕರ ಫೈರ್‌ವಾಲ್ ಹಿಂದೆ. ಪಾಡ್‌ನ ಲಾಗ್ ಕೇಳಿದರೆ ಎಪಿಐ ಸರ್ವರ್ ಆ ಯಂತ್ರದ 10250 ಪೋರ್ಟ್ ತಟ್ಟಬೇಕು, ಅದಕ್ಕೆ ದಾರಿ ಇಲ್ಲ. ಸುಮ್ನೆ ಕಾದು ಕಾದು ಸಮಯ ಮೀರಿತು ಅನ್ನುತ್ತಿತ್ತು. ಇದಕ್ಕೆ ಕನೆಕ್ಟಿವಿಟಿ ಅನ್ನುವ ಏರ್ಪಾಡು ಇದೆ. ಕೆಲಸದ ಯಂತ್ರದಲ್ಲಿರುವ ಏಜೆಂಟ್ ತಾನೇ ಹೊರಗೆ ಬಂದು ಮೈಸೂರಿನ ಕಡೆ ಒಂದು ಸಂಪರ್ಕ ತೆರೆದಿಟ್ಟುಕೊಳ್ಳುತ್ತದೆ, ಎಪಿಐ ಸರ್ವರ್ ಆ ಸಂಪರ್ಕದಲ್ಲೇ ವಾಪಸ್ ಹೋಗುತ್ತದೆ. ಗ್ರಾಹಕರ ಕಡೆ ಹೊರಹೋಗುವ ದಾರಿ ಮಾತ್ರ ತೆರೆದರೆ ಸಾಕು. ನಂಜನಗೂಡಿನ ನೆಟ್‌ವರ್ಕ್ ನೋಡಿಕೊಳ್ಳುವವರು ಒಳಬರುವ ಪೋರ್ಟ್ ತೆರೆಯಲು ಒಪ್ಪಿರಲಿಲ್ಲ, ಇದಕ್ಕೆ ಒಂದೇ ಮಾತಿಗೆ ಒಪ್ಪಿದರು.

ಒಬ್ಬೊಬ್ಬರನ್ನೇ ಹೊಸ ಕ್ಲಸ್ಟರ್‌ಗೆ ಸಾಗಿಸಿದೆವು. ಕೊನೆಗೆ ಮಂಡ್ಯ. ಮೆಮೊರಿ ಕಡಿಮೆಯಾಯಿತು, ಅಪ್‌ಗ್ರೇಡ್ ಒಂದು ಸಾಲು ಬದಲಾಯಿಸುವ ಕೆಲಸವಾಯಿತು. ಕ್ಯೂಬ್‌ಲೆಟ್ ಎಪಿಐ ಸರ್ವರ್‌ಗಿಂತ ಮೂರು ಆವೃತ್ತಿ ಹಿಂದೆ ಇದ್ದರೂ ನಡೆಯುವುದರಿಂದ ತಲೆಯನ್ನು ಮೊದಲು ಮೇಲೆತ್ತಿ, ಯಂತ್ರಗಳನ್ನು ಆಮೇಲೆ ಪುರಸೊತ್ತಿನಲ್ಲಿ ನೋಡಬಹುದಿತ್ತು.

ಮಂಡ್ಯ ಸಾಗಿಸುವ ಮೊದಲು ಒಂದು ಪರೀಕ್ಷೆ ಮಾಡಿದ್ದೆವು. ಇಂಟರ್ನೆಟ್ ಲೈನ್ ಕಿತ್ತು ಎರಡು ಗಂಟೆ ಬಿಟ್ಟೆವು. ಸುಮಾರು 40 ಸೆಕೆಂಡಿನಲ್ಲಿ ಮೂರೂ ನೋಡ್ ಸಿದ್ಧವಿಲ್ಲ ಅಂತ ಮೈಸೂರಲ್ಲಿ ತೋರಿಸಿತು. ಸಾಮಾನ್ಯವಾಗಿ ಅದಾದ ಐದು ನಿಮಿಷಕ್ಕೆ ಪಾಡ್‌ಗಳನ್ನು ಬೇರೆ ಯಂತ್ರಕ್ಕೆ ಎತ್ತಲು ಹೊರಡುತ್ತದೆ. ಆದರೆ ಎಲ್ಲ ನೋಡ್‌ಗಳೂ ಒಟ್ಟಿಗೆ ಕಾಣೆಯಾದರೆ, ಯಂತ್ರ ಸತ್ತಿಲ್ಲ, ಸಂಪರ್ಕವೇ ಹೋಗಿದೆ ಅಂತ ಅರ್ಥ ಮಾಡಿಕೊಂಡು ಕುಬರ್ನೆಟಿಸ್ ಯಾರನ್ನೂ ಎತ್ತುವುದಿಲ್ಲ. ಹಾಗೇ ಆಯಿತು. ಘಟಕದಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ, ಅಂದರೆ ತೂಕದ ಸಾಫ್ಟ್‌ವೇರ್ ಏನೂ ಆಗದ ಹಾಗೆ ಓಡುತ್ತಿತ್ತು. ಲೈನ್ ಹೋದರೂ ತೊಂದರೆ ಇಲ್ಲ ಅಂತ ನಾನೇ ವರದಿ ಬರೆದೆ.

ನವೆಂಬರ್‌ನ ಒಂದು ಮಳೆ ರಾತ್ರಿ. ಎರಡೂ ಮುಕ್ಕಾಲರ ಹೊತ್ತಿಗೆ ಆ ಭಾಗದಲ್ಲಿ ಕರೆಂಟ್ ಹೋಯಿತು. ಘಟಕದ ಜನರೇಟರ್ ಶುರುವಾಯಿತು. ಆದರೆ ಜನರೇಟರ್ ಹೊರೆ ತೆಗೆದುಕೊಳ್ಳುವ ಮೊದಲೇ ಯುಪಿಎಸ್ ಕೈಕೊಟ್ಟಿತು, ಬ್ಯಾಟರಿಗಳು ಹಳೆಯವು. ಮೂರೂ ಯಂತ್ರ ಆರಿ ಮತ್ತೆ ಹೊತ್ತಿಕೊಂಡವು. ಅಷ್ಟಾಗಿದ್ದರೆ ಚಿಂತೆ ಇರಲಿಲ್ಲ. ಇಂಟರ್ನೆಟ್ ಲೈನಿನ ರಸ್ತೆ ಬದಿಯ ಪೆಟ್ಟಿಗೆಗೂ ಅದೇ ಫೀಡರ್‌ನಿಂದ ಕರೆಂಟ್. ಅದರ ಬ್ಯಾಟರಿ ಸ್ವಲ್ಪ ಹೊತ್ತಿಗೆ ಮುಗಿದು ಲೈನೂ ಹೋಯಿತು.

ಐದೂವರೆಗೆ ಘಟಕದ ಸೂಪರ್‌ವೈಸರ್ ಫೋನ್ ಬಂತು. "ಸಾ, ಕಂಪ್ಯೂಟರ್ ಆನ್ ಆಗಿ ಅದೆ, ಕಾಟಾ ಸರಿಯಾಗೇ ಅದೆ, ನಿಮ್ ಸಾಫ್ಟ್‌ವೇರ್ ಮಾತ್ರ ಬತ್ತಾನೇ ಇಲ್ಲ. ಹೊರಗಡೆ ಇಪ್ಪತ್ತು ಗಾಡಿ ನಿಂತವೆ. ಕಬ್ಬು ಒಣಗ್ತಾ ಅದೆ ಸಾ."

ಕಡಿದ ಕಬ್ಬು ಹೊತ್ತು ಹೋದಷ್ಟೂ ತೂಕ ಕಳೆದುಕೊಳ್ಳುತ್ತದೆ. ಆ ತೂಕ ಕಂಪನಿಯದ್ದಲ್ಲ, ನಮ್ಮದೂ ಅಲ್ಲ. ರೈತನದ್ದು. ನೀರು ಕಟ್ಟಿ, ಗೊಬ್ಬರ ಹಾಕಿ, ಕಡಿಯುವ ಆಳುಗಳಿಗೆ ಕೂಲಿ ಕೊಟ್ಟು, ರಾತ್ರಿಯೆಲ್ಲ ಟ್ರಾಕ್ಟರ್ ಮೇಲೆ ಕೂತು ಬಂದವನು ಕಾಟಾ ಮುಂದೆ ಸುಮ್ಮನೆ ನಿಂತಿರುವುದು ನಮ್ಮ ಒಂದು ತೀರ್ಮಾನದಿಂದ. ಆ ಮಾತು ಕೇಳಿದ ಮೇಲೆ ನನಗೆ ಕೂರಲು ಆಗಲಿಲ್ಲ. ಒಬ್ಬ ಹುಡುಗನನ್ನು ಕರೆದುಕೊಂಡು ಕಾರಿನಲ್ಲಿ ಹೊರಟೆ. ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್. ದಾರಿಯಲ್ಲೇ ಫೋನಿನಲ್ಲಿ ಹೇಳಿ, ತೂಕವನ್ನು ಪುಸ್ತಕದಲ್ಲಿ ಬರೆದುಕೊಂಡು ಗಾಡಿ ಬಿಡಿ ಅಂದೆ. ಅವರು ಆಗಲೇ ಅದನ್ನು ಶುರು ಮಾಡಿದ್ದರು. ಕಾಟಾದ ಸಂಖ್ಯೆ ನೋಡಿ ಬರೆಯುವುದು, ರೈತರಿಂದ ಸಹಿ ಹಾಕಿಸುವುದು. ನಿಧಾನ, ಆದರೆ ಸಾಲು ಅಲುಗಿತು.

ನಾವು ಹೋದ ಮೇಲೆ ಸೂಪರ್‌ವೈಸರ್ ಫೋನಿನ ಹಾಟ್‌ಸ್ಪಾಟ್‌ಗೆ ರೌಟರ್ ಜೋಡಿಸಿದೆವು. ಕಂಟ್ರೋಲ್ ಪ್ಲೇನ್‌ಗೆ ಹೆಸರು ಕೊಟ್ಟಿದ್ದು ಇಲ್ಲಿ ಕೈ ಹಿಡಿಯಿತು, ಸಂಪರ್ಕ ಯಾವ ದಾರಿಯಿಂದ ಬಂದರೂ ಯಂತ್ರಗಳಿಗೆ ಗೊತ್ತಾಗಬೇಕಿರಲಿಲ್ಲ. ಎರಡು ನಿಮಿಷದಲ್ಲಿ ಪಾಡ್‌ಗಳು ಏಳಲು ಶುರುವಾದವು. ಒಂದು ಮಾತ್ರ ಏಳಲಿಲ್ಲ. ಅದರ ಇಮೇಜಿಗೆ, ಅಂದರೆ ಸಾಫ್ಟ್‌ವೇರ್ ತುಂಬಿಟ್ಟ ಪ್ರತಿಗೆ, ಲೇಟೆಸ್ಟ್ ಅನ್ನುವ ಟ್ಯಾಗ್ ಇತ್ತು. ಆ ಟ್ಯಾಗ್ ಇದ್ದರೆ ಕುಬರ್ನೆಟಿಸ್ ಪ್ರತಿ ಸಲವೂ ಇಮೇಜ್‌ಗಳ ಉಗ್ರಾಣವಾದ ರಿಜಿಸ್ಟ್ರಿಯನ್ನು ಕೇಳುತ್ತದೆ, ಇಮೇಜ್ ಡಿಸ್ಕ್‌ನಲ್ಲಿ ಇದ್ದರೂ. ಫೋನಿನ ಸಿಗ್ನಲ್‌ನಲ್ಲಿ ಅದಕ್ಕೆ ಇನ್ನೂ ಹತ್ತು ನಿಮಿಷ ಹೋಯಿತು. ಏಳೂಕಾಲಿಗೆ ಮೊದಲ ಗಾಡಿಯ ತೂಕ ಕಂಪ್ಯೂಟರ್‌ನಲ್ಲಿ ಬಿತ್ತು.

ಮಧ್ಯಾಹ್ನ ಅಲ್ಲೇ ಕೂತು ಕಾರಣ ಹುಡುಕಿದೆವು. ಹಿಂದಿನ ವರ್ಷವೂ ಅಲ್ಲಿ ಕರೆಂಟ್ ಹೋಗಿತ್ತು, ಲೈನ್ ಹೋಗಿತ್ತು, ಯಂತ್ರಗಳು ಆರಿ ಹೊತ್ತಿದ್ದವು. ಆಗ ಯಾರೂ ಫೋನ್ ಮಾಡಿರಲಿಲ್ಲ. ಈಗ ಯಾಕೆ?

ಉತ್ತರ ಕ್ಯೂಬ್‌ಲೆಟ್‌ನಲ್ಲಿದೆ. ಕ್ಯೂಬ್‌ಲೆಟ್ ತಾನು ಯಾವ ಪಾಡ್ ಓಡಿಸುತ್ತಿದ್ದೆ ಅನ್ನುವ ಪಟ್ಟಿಯನ್ನು, ಮತ್ತೆ ಹೊತ್ತಿಕೊಂಡಾಗ ಬಳಸಲಿ ಅಂತ ಬರೆದಿಟ್ಟುಕೊಳ್ಳುವುದಿಲ್ಲ. ಯಂತ್ರ ಆರದೆ ಲೈನ್ ಮಾತ್ರ ಹೋದರೆ ಓಡುತ್ತಿದ್ದದ್ದು ಓಡುತ್ತಿರುತ್ತದೆ, ಪಾಡ್ ಒಳಗಿನ ಕಂಟೇನರ್ ಬಿದ್ದರೆ ಎಬ್ಬಿಸುತ್ತದೆ ಕೂಡ. ಆದರೆ ಯಂತ್ರ ಆರಿ ಹೊತ್ತಿಕೊಂಡರೆ ಅದು ಎಪಿಐ ಸರ್ವರನ್ನೇ ಕೇಳಬೇಕು. ಎಪಿಐ ಸರ್ವರ್ ಸಿಗದಿದ್ದರೆ ಕಾಯುತ್ತಾ ಕೂರುತ್ತದೆ. ಪಾಡ್‌ಗಳ ನೆಟ್‌ವರ್ಕ್ ನೋಡಿಕೊಳ್ಳುವ ಪಾಡ್‌ಗಳೂ ಏಳುವುದಿಲ್ಲ. ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ: ಯಂತ್ರದ ಫೋಲ್ಡರ್‌ನಲ್ಲಿ ಫೈಲಾಗಿ ಇಟ್ಟಿರುವ ಸ್ಟಾಟಿಕ್ ಪಾಡ್‌ಗಳನ್ನು ಅದು ಯಾರನ್ನೂ ಕೇಳದೆ ಎಬ್ಬಿಸುತ್ತದೆ. ಹಳೆಯ ಕ್ಯೂಬ್‌ಎಡಿಎಂ ಏರ್ಪಾಡಿನಲ್ಲಿ ಎಪಿಐ ಸರ್ವರ್ ಮತ್ತು ಎಟ್‌ಸಿಡಿ ಎರಡೂ ಹೀಗೇ ಫೈಲಿನಿಂದ ಏಳುತ್ತಿದ್ದವು. ಅವು ಎದ್ದ ಮೇಲೆ ಉಳಿದದ್ದು ಅವನ್ನು ಕೇಳಿ ಏಳುತ್ತಿತ್ತು. ಮೂರು ಯಂತ್ರವೂ ಆರಿದರೂ ಹೊರಗಿನ ಸಹಾಯವಿಲ್ಲದೆ ತಾನೇ ಎದ್ದು ನಿಲ್ಲುವ ಶಕ್ತಿ ಆ ಕ್ಲಸ್ಟರ್‌ಗೆ ಇತ್ತು. ತಲೆಯನ್ನು ಮೈಸೂರಿಗೆ ತಂದಾಗ ಆ ಶಕ್ತಿಯನ್ನೂ ಜೊತೆಗೇ ಕಿತ್ತು ತಂದಿದ್ದೆವು. ನಮ್ಮ ಪರೀಕ್ಷೆಯಲ್ಲಿ ಲೈನ್ ಕಿತ್ತಿದ್ದೆವು, ಯಂತ್ರ ಆರಿಸಿರಲಿಲ್ಲ. ಎರಡೂ ಒಟ್ಟಿಗೆ ಆಗುವುದು ಅಪರೂಪ ಅಂತ ಅಂದುಕೊಂಡಿದ್ದೆವು. ಹಳ್ಳಿ ಕಡೆ ಒಂದೇ ಫೀಡರ್ ಎರಡಕ್ಕೂ ಇರುವಾಗ ಅವು ಒಟ್ಟಿಗೇ ಹೋಗುತ್ತವೆ.

ಏನು ಮಾಡುವುದು ಅಂತ ಒಂದು ವಾರ ಚರ್ಚೆ ನಡೆಯಿತು. ಯುಪಿಎಸ್ ಬ್ಯಾಟರಿ ಬದಲಾಯಿಸುವುದು, 4ಜಿ ರೌಟರ್ ಇಡುವುದು ಬೇಕೇ ಬೇಕು, ಮಾಡಿಸಿದೆವು. ಆದರೆ ಮಳೆಗಾಲದಲ್ಲಿ ಟವರ್ ಕೂಡ ಹೋಗುತ್ತದೆ. ತೂಕದ ಸಾಫ್ಟ್‌ವೇರನ್ನೇ ಸ್ಟಾಟಿಕ್ ಪಾಡ್ ಮಾಡೋಣ ಅಂತ ನಮ್ಮ ಹುಡುಗ ಹೇಳಿದ. ಒಳ್ಳೆಯ ಯೋಚನೆ, ಆದರೆ ಸ್ಟಾಟಿಕ್ ಪಾಡ್‌ಗಳು ಪಾಸ್‌ವರ್ಡ್ ಇಡುವ ಸೀಕ್ರೆಟ್, ಸೆಟ್ಟಿಂಗ್ ಇಡುವ ಕಾನ್ಫಿಗ್‌ಮ್ಯಾಪ್‌ಗಳನ್ನು ಬಳಸಲಾರವು. ಪಾಸ್‌ವರ್ಡ್‌ಗಳನ್ನು ಫೈಲಿನಲ್ಲಿ ಬಿಚ್ಚಿಡಬೇಕಾಗುತ್ತಿತ್ತು. ಅದನ್ನು ಬಿಟ್ಟೆವು.

ಕೊನೆಗೆ ಮಂಡ್ಯದ ತಲೆಯನ್ನು ಮಂಡ್ಯಕ್ಕೇ ಕಳಿಸುವುದು ಅಂತ ತೀರ್ಮಾನಿಸಿದೆವು, ಹಳೆಯ ರೀತಿಯಲ್ಲಿ ಅಲ್ಲ. ಕುಬರ್ನೆಟಿಸ್‌ನ ಹಗುರ ರೂಪವಾದ ಕೆ3ಎಸ್ ಹಾಕಿದೆವು. ಅದು ಒಂದೇ ಬೈನರಿಯಲ್ಲಿ ಇಡೀ ಕಂಟ್ರೋಲ್ ಪ್ಲೇನ್, ಎಟ್‌ಸಿಡಿ ಕೂಡ ಒಳಗೇ. ಅದೇ ಮೂರು ಯಂತ್ರಗಳು ತಲೆಯೂ ಆಗಿ ಕೈಯೂ ಆಗಿ ಕೆಲಸ ಮಾಡುತ್ತವೆ. ಸರ್ಟಿಫಿಕೇಟ್ ಮುಗಿಯುವ ಹತ್ತಿರ ಬಂದಾಗ ಒಮ್ಮೆ ಮರುಶುರು ಮಾಡಿದರೆ ತಾನೇ ಹೊಸದು ಮಾಡಿಕೊಳ್ಳುತ್ತದೆ. ಇಮೇಜ್‌ಗಳನ್ನೆಲ್ಲ ಮೂರೂ ಯಂತ್ರಗಳಲ್ಲಿ ಮೊದಲೇ ಇಟ್ಟೆವು, ಲೇಟೆಸ್ಟ್ ಟ್ಯಾಗ್ ಎಲ್ಲ ಕಡೆಯಿಂದ ತೆಗೆದೆವು. ಡಿಸ್ಕ್‌ಗಳನ್ನೂ ಬದಲಾಯಿಸಿದೆವು: ಕರೆಂಟ್ ತಟ್ಟನೆ ಹೋದರೆ ಅರ್ಧ ಬರೆದದ್ದನ್ನು ಬರೆದು ಮುಗಿಸಲು ಒಳಗೆ ಕೆಪ್ಯಾಸಿಟರ್ ಇರುವ ಎಸ್‌ಎಸ್‌ಡಿಗಳು. ಹೀಗೆ ಕರೆಂಟ್ ಹೋಗುವ ಜಾಗದಲ್ಲಿ ಅಗ್ಗದ ಡಿಸ್ಕ್ ಮೇಲೆ ಎಟ್‌ಸಿಡಿ ಇಡಲು ನನಗೆ ಧೈರ್ಯವಿಲ್ಲ. ಕೆ3ಎಸ್ ತಾನಾಗೇ ದಿನಕ್ಕೆರಡು ಸಲ ಎಟ್‌ಸಿಡಿಯ ಪ್ರತಿ ತೆಗೆದಿಡುತ್ತದೆ, ಲೈನ್ ಇದ್ದಾಗ ಅದು ಮೈಸೂರಿಗೂ ಬರುತ್ತದೆ. ಹೊಸ ಬದಲಾವಣೆಗಳನ್ನು ಆ ಕ್ಲಸ್ಟರ್ ನಾವು ಫೈಲುಗಳ ಆವೃತ್ತಿಗಳನ್ನು ಇಡುವ ಗಿಟ್‌ನಿಂದ ತಾನೇ ಎಳೆದುಕೊಳ್ಳುತ್ತದೆ. ಲೈನ್ ಇಲ್ಲದಿದ್ದರೆ ಹಳೆಯದರಲ್ಲೇ ಓಡುತ್ತಿರುತ್ತದೆ.

ನಂಜನಗೂಡನ್ನು ಮೈಸೂರಿನಲ್ಲೇ ಉಳಿಸಿಕೊಂಡೆವು. ಅಲ್ಲಿ ಬೇರೆ ಬೇರೆ ದಾರಿಯಿಂದ ಬರುವ ಎರಡು ಲೈನ್ ಇದೆ. ಅದಕ್ಕಿಂತ ಮುಖ್ಯ, ಅಲ್ಲಿ ಓಡುವುದು ವರದಿಗಳ ಸಾಫ್ಟ್‌ವೇರ್. ಎರಡು ಗಂಟೆ ತಡವಾದರೆ ಯಾರ ದುಡ್ಡೂ ಹೋಗುವುದಿಲ್ಲ. ಆದರೂ ಅವರ ಮುಂದೆ ಕೂತು, ಲೈನ್ ಮತ್ತು ಕರೆಂಟ್ ಒಟ್ಟಿಗೆ ಹೋದರೆ ಲೈನ್ ಬರುವ ತನಕ ಏನೂ ಏಳುವುದಿಲ್ಲ ಅಂತ ಬಿಡಿಸಿ ಹೇಳಿದೆವು, ಅದನ್ನು ಒಪ್ಪಂದದಲ್ಲೂ ಬರೆದೆವು. ಮಂಡ್ಯದವರಿಗೆ ಈ ಮಾತನ್ನು ನಾವು ಮೊದಲೇ ಹೇಳಬೇಕಿತ್ತು.

ಡಿಸೆಂಬರ್‌ನಲ್ಲಿ ಅರೆಯುವುದು ನಿಂತ ಒಂದು ದಿನ ಘಟಕದಲ್ಲಿ ಮತ್ತೆ ಪರೀಕ್ಷೆ ಮಾಡಿದೆವು. ಈ ಸಲ ಲೈನ್ ಕಿತ್ತೆವು, 4ಜಿ ರೌಟರ್ ಆರಿಸಿದೆವು, ಮೂರೂ ಯಂತ್ರಗಳ ಪ್ಲಗ್ ಎಳೆದೆವು. ಐದು ನಿಮಿಷ ಬಿಟ್ಟು ಎರಡಕ್ಕೆ ಮಾತ್ರ ಕರೆಂಟ್ ಕೊಟ್ಟೆವು, ಮೂರನೆಯದು ಕೆಟ್ಟಿದೆ ಅಂದುಕೊಂಡು. ಸೂಪರ್‌ವೈಸರ್ ಒಂದು ಖಾಲಿ ಟ್ರಾಕ್ಟರ್ ತಂದು ಕಾಟಾ ಮೇಲೆ ನಿಲ್ಲಿಸಿದ್ದರು. ನಾಲ್ಕನೇ ನಿಮಿಷಕ್ಕೆ ಪರದೆ ಮೇಲೆ ಅದರ ತೂಕ ಬಂತು, ಚೀಟಿ ಮುದ್ರಣವಾಯಿತು. ಅವರು ಆ ಚೀಟಿಯನ್ನು ಹರಿದು ನಮ್ಮ ಕೈಗೆ ಕೊಟ್ಟರು. ಈಗ ಅದು ನಮ್ಮ ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿದೆ. ಇನ್ನೊಂದು ಪರೀಕ್ಷೆ ಬಾಕಿ ಇದೆ: ಮೈಸೂರಿನ ತಾಯಿ ಕ್ಲಸ್ಟರನ್ನೇ ಪೂರ್ತಿ ಅಳಿಸಿ, ಬ್ಯಾಕಪ್‌ನಿಂದ ಐದು ತಲೆಗಳನ್ನೂ ಎಬ್ಬಿಸಿ ನೋಡುವುದು. ಅದಕ್ಕೆ ಮುಂದಿನ ತಿಂಗಳ ಎರಡನೇ ಶನಿವಾರ ಗೊತ್ತು ಮಾಡಿದ್ದೇವೆ.